ಸೂಜಿ ಅಂದಿದ್ದೆ

ಗಂಗಾಳ ಕಾಲಿಗೆ ಬಾಟಲಿ ಚೂರು ನೆಟ್ಟಿದ್ದು ಗೌಡರ ಗದ್ದೆಯಲ್ಲಿ. ಗೌಡರ ಮಗ ಸಂಜೆಯಾದರೆ ಗೆಳೆಯರನ್ನು ಕಟ್ಟಿಕೊಂಡು ಕಾಲುವೆ ದಂಡೆಗೆ ಬರುತ್ತಿದ್ದ. ಕುಡಿಯುತ್ತಿದ್ದ. ಕುಡಿದಾದ ಮೇಲೆ ಬಾಟಲಿಯನ್ನು ಕಲ್ಲಿಗೆ ಅಪ್ಪಳಿಸಿ ಕೆಸರಿಗೆ ಎಸೆಯುತ್ತಿದ್ದ. ಆ ಕೆಸರಿಗೆ ತನ್ನ ಮನೆಯವರ ಕಾಲು ಇಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಇಳಿಯುವುದು ಮೆಟ್ರಿ ಊರಿನ ಮಾದಿಗರ ಕೇರಿಯ ಹೆಂಗಸರ ಕಾಲು.

ನಾಟಿಯ ಸಾಲಿನಲ್ಲಿ ಗಂಗಾಳ ಪಕ್ಕಕ್ಕೆ ಅವಳ ಅತ್ತೆ ಗಾಳೆಮ್ಮ ಬಗ್ಗಿದ್ದಳು. ಗಂಗಾ "ಯವ್ವಾ" ಎಂದು ಕುಸಿದದ್ದೇ ತಡ, ಗಾಳೆಮ್ಮ ಕೈಯಲ್ಲಿದ್ದ ಸಸಿಯ ಕಟ್ಟು ಬಿಟ್ಟು ಅವಳ ಪಾದ ಎತ್ತಿ ನೋಡಿದಳು. ಚೂರು ಒಳಗೆ ಹೋಗಿತ್ತು. ಹಲ್ಲಿನಿಂದ ಕಚ್ಚಿ ಎಳೆದಳು. ಕೆಸರನ್ನೂ ನೆತ್ತರನ್ನೂ ಒಟ್ಟಿಗೇ ಉಗಿದಳು. ಸೆರಗು ಹರಿದು ಕಟ್ಟಿದಳು.

"ಮನಿಗೆ ನಡಿ" ಅಂದಳು.

ದಂಡೆಯ ಮೇಲೆ ಕೊಡೆ ಹಿಡಿದು ನಿಂತಿದ್ದ ಗೌಡರು, "ಅರ್ಧಕ್ಕ ಎದ್ದು ಹೋಗೋರು ನಾಳಿಂದ ಬರಬ್ಯಾಡ್ರಿ" ಅಂದರು.

ಗಂಗಾ ಮತ್ತೆ ಕೆಸರಿಗೆ ಇಳಿದಳು. ಹೊತ್ತು ಮುಳುಗುವ ತನಕ ನೆಟ್ಟಳು.

ಪಾದ ಊದಿತು. ಊತ ಮೊಣಕಾಲಿಗೆ ಏರಿತು. ಮೈ ಕೆಂಡವಾಯಿತು. ಒಂದು ಬೆಳಗ್ಗೆ ಎದ್ದು ಕೂರುವುದಕ್ಕೂ ಆಗಲಿಲ್ಲ. ಗಂಗಾಳ ಗಂಡ ಹುಲುಗೇಶ ಸಂಡೂರಿನ ಕಡೆ ಅದಿರು ಲಾರಿ ಓಡಿಸುತ್ತಿದ್ದ. ಗಾಳೆಮ್ಮ ಫೋನು ಮಾಡಿಸಿದಾಗ, "ಸೀದಾ ಹೊಸಪೇಟಿಗೆ ಕರ್ಕೊಂಡು ಹೋಗವ್ವ. ನಮ್ಮ ಲಾರಿ ಮಾಲಕರಿಗೆ ಗೊತ್ತಿರೋ ದೊಡ್ಡಾಸ್ಪತ್ರಿ ಐತಿ. ಅವರಿಗೆ ಹೇಳಸ್ತೀನಿ. ನಾನೂ ಲೋಡ್ ಇಳಿಸಿ ಬರ್ತೀನಿ" ಅಂದ.

ಕೇರಿಯ ಒಳಗೆ ಆಟೋ ಬರುವುದಿಲ್ಲ. ಗಾಳೆಮ್ಮ ಸೊಸೆಯನ್ನು ಬೆನ್ನ ಮೇಲೆ ಹೊತ್ತಳು.

"ಅತ್ತಿ, ಇಳಸು. ನಿನ್ನ ಸೊಂಟ ಹೋಕ್ಕತಿ."

"ಸುಮ್ಕಿರು. ಭತ್ತದ ಚೀಲದಷ್ಟೂ ಇಲ್ಲ ನೀ."

ಆಟೋದಲ್ಲಿ ಗಂಗಾಳ ತಲೆ ಅವಳ ತೊಡೆಯ ಮೇಲಿತ್ತು. ಗಾಳೆಮ್ಮ ಒಂದೇ ಮಾತನ್ನು ಬಾಯೊಳಗೇ ಮಗುಚಿ ಹಾಕುತ್ತಿದ್ದಳು. ಹೋದ ವರ್ಷ ಗಂಗಾಳಿಗೆ ಕುರು ಎದ್ದಾಗ ಕಂಪ್ಲಿಯಲ್ಲಿ ಒಂದು ಸೂಜಿ ಮಾಡಿದ್ದರು. ನೋಡನೋಡುತ್ತಿದ್ದಂತೆ ಮುಖ ಬಾತುಹೋಗಿ ಉಸಿರು ಕಟ್ಟಿತ್ತು. ಅಲ್ಲಿನ ವಯಸ್ಸಾದ ಡಾಕ್ಟರು ಓಡಿಬಂದು, ಇನ್ನೊಂದು ಔಷಧಿ ಏರಿಸಿ ಜೀವ ಹಿಡಿದು ನಿಲ್ಲಿಸಿದ್ದರು. ಬೆವರು ಒರೆಸಿಕೊಳ್ಳುತ್ತ, "ಈ ಜಾತಿ ಸೂಜಿ ಇಕಿಗೆ ವಿಷ. ಯಾವ ಆಸ್ಪತ್ರಿಗೆ ಹೋದ್ರೂ ಮೊದಲು ಇದನ್ನ ಹೇಳ್ರಿ" ಅಂದಿದ್ದರು.

ಮೊದಲು ಸೂಜಿಯ ಮಾತು ಹೇಳಬೇಕು. ಆಮೇಲೆ ಮಿಕ್ಕಿದ್ದು.

ಆಸ್ಪತ್ರೆಯ ನೆಲ ಕನ್ನಡಿಯಂತಿತ್ತು. ಗಾಳೆಮ್ಮ ಬರಿಗಾಲಲ್ಲಿ ನಡೆದಳು. ಅವಳ ಹೆಜ್ಜೆಯ ಹಿಂದೆಯೇ ಒಬ್ಬ ಹೆಂಗಸು ನೆಲ ಒರೆಸುತ್ತ ಬಂದಳು. ಗಂಗಾಳನ್ನು ತಳ್ಳುಗಾಡಿಯ ಮೇಲೆ ಮಲಗಿಸಿ ಡಾಕ್ಟರ ಕೋಣೆಗೆ ತಂದರು.

ಡಾಕ್ಟರ ಹೆಸರು ವೇದಾಂತ್. ಹೊಸಪೇಟೆಯ ಹಳೆಯ ಮನೆತನದ ಹುಡುಗ, ಹೊರಗೆ ಓದಿ ಬಂದವನು ಎಂದು ಆಟೋದವನು ಹೇಳಿದ್ದ. ಅವರ ಕೊರಳಪಟ್ಟಿಗೆ ಕಡಲೆಕಾಳಿನಷ್ಟು ಮೈಕು ಸಿಕ್ಕಿಸಿತ್ತು. ಮೇಜಿನ ಮೇಲೆ ದೊಡ್ಡ ಪರದೆ. ಕೋಣೆಯಲ್ಲಿ ಆಡಿದ ಮಾತೆಲ್ಲ ಆ ಪರದೆಯ ಮೇಲೆ ಕನ್ನಡ ಅಕ್ಷರವಾಗಿ ಓಡುತ್ತಿತ್ತು. ಆಮೇಲೆ ಅದೇ ಇಂಗ್ಲಿಷಾಗಿ ರೋಗಿಯ ಕೇಸ್‌ಶೀಟ್ ಆಗುತ್ತಿತ್ತು. ಮೊದಲು ನರ್ಸುಗಳು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದರು. ಈಗ ಮಷಿನ್ ಬಂದಿತ್ತು. ಬರೆಯುವ ನರ್ಸುಗಳಲ್ಲಿ ಅರ್ಧ ಜನರನ್ನು ಮನೆಗೆ ಕಳಿಸಿದ್ದರು. ಉಳಿದವರಲ್ಲಿ ಶಿಲ್ಪಶ್ರೀ ಎಂಬ ದೋಣಿಮಲೈ ಕಡೆಯ ಹುಡುಗಿ ಬಾಗಿಲ ಪಕ್ಕ ನಿಂತಿದ್ದಳು.

ಗಾಳೆಮ್ಮ ಮೇಜಿನ ಕಡೆ ಬಂದಳು.

"ಅಲ್ಲೇ, ಅಲ್ಲೇ." ಡಾಕ್ಟರು ನೊಣ ಓಡಿಸುವಂತೆ ಕೈ ಆಡಿಸಿದರು. "ಮೈಯೆಲ್ಲ ಕೆಸರು. ಬಾಗಿಲ ಹತ್ರ ನಿಂತ್ಕೋ."

ಅವಳು ಹಿಂದೆ ಸರಿದಳು. ಹಿಂದೆ ಸರಿಯುವುದು ಅವಳ ಮೈಗೆ ಗೊತ್ತಿತ್ತು. ಅವಳ ಅವ್ವ ಸರಿದಿದ್ದಳು, ಅವ್ವನ ಅವ್ವ ಸರಿದಿದ್ದಳು.

"ಏನಾಯ್ತು ಹೇಳು. ಬೇಗ ಹೇಳು. ಮಷಿನ್ ಬರ್ಕೊಳ್ತದೆ."

"ಬಾಟ್ಲಿ ಚೂರು ನೆಟ್ಟೈತ್ರಿ. ಅದಕ್ಕಿಂತ ಮೊದ್ಲು ಒಂದು ಮಾತ್ರಿ ಯಪ್ಪಾ. ನನ್ನ ಸೊಸಿಗೆ ಸೂಜಿ ಆಗಿ ಬರಂಗಿಲ್ರಿ. ಕಂಪ್ಲಿಯಾಗ ಸೂಜಿ ಮಾಡಿದಾಗ ಜೀವ ಹೋಗೂದ್ರಾಗಿತ್ತು."

ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಅವಳ ಬೆನ್ನ ಹಿಂದೆ, ಹೊರಗಿನ ಬೆಂಚಿನ ಮೇಲೆ ಮಕ್ಕಳು ಅಳುತ್ತಿದ್ದವು. ಯಾರೋ ತಳ್ಳುಗಾಡಿಯನ್ನು ಗಡಗಡ ಎಳೆದುಕೊಂಡು ಹೋದರು. ಡಾಕ್ಟರ ಕಿವಿ ಅವರ ತಲೆಯ ಎರಡೂ ಕಡೆ ಇದ್ದವು. ಆದರೂ ಅವರು ಪರದೆಯನ್ನು ನೋಡಿದರು. ನೋಡಿ ನಕ್ಕರು. ಗಟ್ಟಿಯಾಗಿ ಓದಿದರು.

"'ನನ್ನ ಸೊಸೆ ಸೊಸೆಯಾಗಿ ಬರಲ್ಲ. ಸೊಸೆ ಮಾಡಿದಾಗ ಜೀವ ಹೋಗೋದರಲ್ಲಿತ್ತು.' ಏನಮ್ಮ, ಅತ್ತೆ ಸೊಸೆ ಜಗಳಾನ ಇಲ್ಲಿಗೂ ತಂದ್ರಾ?"

ಸಾಹೇಬರು ನಕ್ಕರೆಂದು ಶಿಲ್ಪಶ್ರೀಯೂ ನಕ್ಕಳು.

"ಅಲ್ರಿ ಯಪ್ಪಾ, ಸೂಜಿ ಅಂದೆ—"

"ಸಾಕು. ನೀನು ಬಾಯಿ ಬಿಟ್ಟಷ್ಟೂ ಮಷಿನ್ ಗೊಂದಲ ಆಗ್ತದೆ. ಸರಿಯಾಗಿ ಮಾತಾಡೋಕೂ ಬರಲ್ಲ, ಸುಮ್ಮನಿರೋಕೂ ಬರಲ್ಲ ನಿಮಗೆ. ಬಾಯಿ ಮುಚ್ಕೊಂಡು ನಿಲ್ಲು."

ಡಾಕ್ಟರು ತಮ್ಮ ಕೊರಳಪಟ್ಟಿಗೆ ಇಂಗ್ಲಿಷಿನಲ್ಲಿ ಮಾತಾಡತೊಡಗಿದರು. ಮೆತ್ತಗೆ, ಮರ್ಯಾದೆಯಿಂದ, ಒಂದೊಂದೇ ಶಬ್ದ ಬಿಡಿಸಿ. ಮನುಷ್ಯರ ಜೊತೆ ಅಷ್ಟು ಮೆತ್ತಗೆ ಆಡಿರಲಿಲ್ಲ. ಗಂಗಾ ಜ್ವರದ ಅಮಲಿನಲ್ಲಿ "ಅತ್ತಿ, ಅತ್ತಿ" ಎಂದು ಕನವರಿಸಿದಳು. ಅದನ್ನು ಮಷಿನ್ ಬರೆದುಕೊಂಡಿತೋ ಇಲ್ಲವೋ.

ಪಕ್ಕದ ಕೋಣೆಯಲ್ಲಿ ಪರದೆ ಬಟ್ಟೆ ಎಳೆದು ಶಿಲ್ಪಶ್ರೀ ಸೂಜಿ ತುಂಬುತ್ತಿದ್ದಳು. ಗಾಳೆಮ್ಮ ಓಡಿಬಂದು ಅವಳ ಮುಂಗೈ ಹಿಡಿದಳು.

"ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ. ಇದು ಯಾವ ಸೂಜಿ? ಇಕಿಗೆ ಆಗಂಗಿಲ್ಲವ್ವ. ನೀನಾರ ಕೇಳು."

ಶಿಲ್ಪಶ್ರೀಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಅವಳೂ ಆ ಕಡೆಯವಳೇ. ಕೈ ಬಿಡಿಸಿಕೊಂಡು ಡಾಕ್ಟರ ಕೋಣೆಗೆ ಹೋದಳು. ತಿರುಗಿ ಬಂದಾಗ ಮುಖ ಚಿಕ್ಕದಾಗಿತ್ತು.

"ಕೇಸ್‌ಶೀಟ್‌ನಾಗ ಏನೂ ಇಲ್ಲಂತ. ಶೀಟ್ ನೋಡಿ ಕೆಲಸ ಮಾಡು, ಬಾಗಿಲ ಹತ್ರ ನಿಂತೋರ ಮಾತು ಕೇಳಿಕೊಂಡು ಬರಬ್ಯಾಡ ಅಂದ್ರು. ನೀ ಹೊರಗ ನಡಿಯಮ್ಮ."

"ನೀ ಕೇಳಿದಿಯಲ್ಲವ್ವ. ನಿನ್ನ ಕಿವಿಲೆ ಕೇಳಿದಿಯಲ್ಲ."

"ಹೊರಗ ನಡಿ ಅಂದೆ."

ಶಿಲ್ಪಶ್ರೀ ಅವಳನ್ನು ಭುಜ ಹಿಡಿದು ದೂಡಿದಳು. ಬಟ್ಟೆ ಎಳೆದಳು.

ಗಾಳೆಮ್ಮ ಬಟ್ಟೆಯ ಈಚೆ ನಿಂತಳು. ಒಳಗೆ ಮಂಚ ಅಲುಗಾಡುವ ಸದ್ದು ಬಂತು. ಪರಪರ ಕೆರೆದುಕೊಳ್ಳುವ ಸದ್ದು ಬಂತು. ಬಟ್ಟೆ ಕಿತ್ತು ಒಳಗೆ ನುಗ್ಗಿದಳು. ಗಂಗಾಳ ತುಟಿ ಬಾತಿದ್ದವು. ಕಣ್ಣು ಮುಚ್ಚಿಹೋಗಿದ್ದವು. ಕುತ್ತಿಗೆಯನ್ನು ತಾನೇ ಉಗುರಿನಿಂದ ಸೀಳಿಕೊಳ್ಳುತ್ತಿದ್ದಳು, ಒಳಗೆ ಗಾಳಿಗೆ ದಾರಿ ಮಾಡುವವಳಂತೆ.

"ಅತ್ತಿ, ಉಸ್ರು" ಅಂದಳು.

ಜನ ಓಡಿಬಂದರು. ಏನೇನೋ ಏರಿಸಿದರು. ಎದೆ ಗುದ್ದಿದರು. ಗಾಳೆಮ್ಮನನ್ನು ಮತ್ತೆ ಹೊರಗೆ ಎಳೆದರು. ಎಲ್ಲ ಮುಗಿದ ಮೇಲೆ ಶಿಲ್ಪಶ್ರೀ ಗೋಡೆಗೆ ಆತುಕೊಂಡು ನೆಲ ನೋಡುತ್ತಿದ್ದಳು. ಡಾಕ್ಟರು ಕೈ ತೊಳೆದುಕೊಂಡು, ಕೊರಳಪಟ್ಟಿಗೆ ಬಾಯಿ ಬಗ್ಗಿಸಿ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿ ಹೋದರು. ಗಂಗಾಳ ಸಾವನ್ನು ಅವರು ಮೊದಲು ಹೇಳಿದ್ದು ಮಷಿನ್‌ಗೆ. ಗಾಳೆಮ್ಮನಿಗೆ ಯಾರೂ ಹೇಳಲಿಲ್ಲ. ಅವಳೇ ಹೋಗಿ ಮುಟ್ಟಿ ತಿಳಿದುಕೊಂಡಳು.

ಗಂಗಾಳ ಅಪ್ಪ ಅಂಜಿನಯ್ಯ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಸುದ್ದಿ ತಿಳಿದು, ಬೆನ್ನ ಮೇಲಿನ ಚೀಲ ಹಾಗೇ ಕೆಡವಿ ಬಸ್ಸು ಹತ್ತಿದ್ದ. ತಲೆ, ಹುಬ್ಬು, ಮೀಸೆಯ ಮೇಲೆಲ್ಲ ತೌಡಿನ ಧೂಳಿತ್ತು. ಆಸ್ಪತ್ರೆಯ ಬಾಗಿಲಲ್ಲೇ ಮ್ಯಾನೇಜರು ವೆಂಕಟೇಶ್ ಅವನನ್ನು ಹಿಡಿದ. ಹೆಗಲ ಮೇಲೆ ಕೈ ಹಾಕಿದ. ಅಂಜಿನಯ್ಯನ ಹೆಗಲ ಮೇಲೆ ಅಂಥವರು ಕೈ ಹಾಕಿದ್ದು ಅದೇ ಮೊದಲು.

"ನೋಡಪ್ಪಾ, ಭಾಳ ತಡ ಮಾಡಿ ತಂದಾರ. ವಿಷ ಮೈಯೆಲ್ಲ ಏರಿತ್ತು. ನಿನ್ನ ಮಗಳಿಗೆ ಅತ್ತಿ ಮನ್ಯಾಗ ತ್ರಾಸು ಇತ್ತೇನು? ಯಾಕಂದ್ರ ಆ ಹೆಂಗಸು ಡಾಕ್ಟರ ಮುಂದ ಸಾಯೋ ಹುಡುಗಿ ಮ್ಯಾಲೇ ದೂರು ಹೇಳ್ಯಾಳ. ಸೊಸಿ ಆಗಿ ಬರಲ್ಲ ಅಂತ. ನಮ್ಮ ಕಂಪ್ಯೂಟರ್‌ನಾಗ ಐತಿ. ಬಾ, ತೋರಸ್ತೀನಿ."

ತೋರಿಸಿದ. ಅಂಜಿನಯ್ಯ ಅಕ್ಕಿ ಚೀಲದ ಮೇಲಿನ ಅಕ್ಷರ ಕೂಡಿಸಿ ಕೂಡಿಸಿ ಓದಲು ಕಲಿತವನು. ಬೆರಳಿಟ್ಟು ಓದಿದ. ನ-ನ್ನ ಸೊ-ಸೆ ಸೊ-ಸೆ-ಯಾ-ಗಿ ಬ-ರ-ಲ್ಲ.

ಗಾಳೆಮ್ಮ ಹೆಣದ ಕೋಣೆಯ ಮುಂದೆ ನೆಲದ ಮೇಲೆ ಕೂತಿದ್ದಳು. ಬೀಗ ಬಂದನೆಂದು ಎರಡೂ ಕೈ ಚಾಚಿ ಎದ್ದಳು, ಕೂಡಿ ಅಳುವುದಕ್ಕೆ. ಅಂಜಿನಯ್ಯ ಅವಳ ಕೆನ್ನೆಗೆ ಹೊಡೆದ. ಚೀಲ ಎತ್ತುವ ಕೈ. ಅವಳು ಗೋಡೆಗೆ ಹೋಗಿ ಬಿದ್ದಳು.

"ನನ್ನ ಮಗಳು ಸಾಯಾಕತ್ತಿದ್ಲು, ನೀ ಆಕಿ ಮ್ಯಾಲೆ ಚಾಡಿ ಹೇಳ್ತಿದ್ಯೇನಲೇ?"

"ಬೀಗಪ್ಪಾ, ನಾ ಸೂಜಿ ಅಂದಿದ್ದೆ. ಸೂಜಿ."

"ನಾನ ಓದೀನಿ. ನನ್ನ ಕಣ್ಣಿಲೆ ಓದೀನಿ."

ಮತ್ತೊಂದು ಹೊಡೆದ. ಕಾವಲುಗಾರರು ನೋಡುತ್ತ ನಿಂತಿದ್ದರು. ಮ್ಯಾನೇಜರು ಕೈಕಟ್ಟಿ ನಿಂತಿದ್ದ. ಆಸ್ಪತ್ರೆಯಲ್ಲಿ ಸದ್ದು ಮಾಡಬಾರದೆಂದು ಯಾರೂ ಹೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಪೊಲೀಸು ಸಬ್ ಇನ್ಸ್‌ಪೆಕ್ಟರ್ ಬಂದ. ಇಬ್ಬರನ್ನೂ ಮ್ಯಾನೇಜರ ಕೋಣೆಗೆ ಕರೆದರು. ಕಿಟಕಿಗಳೆಲ್ಲ ಮುಚ್ಚಿದ್ದವು. ಎ.ಸಿ. ಸದ್ದಿಲ್ಲದೆ ಓಡುತ್ತಿತ್ತು. ಇನ್ಸ್‌ಪೆಕ್ಟರು ಕುರ್ಚಿಯಲ್ಲಿ ಕೂತು ಟೀ ಕುಡಿದ. ಇವರು ನಿಂತರು.

ಮೇಜಿನ ಮೇಲೆ ಒಂದು ಕಾಗದವಿತ್ತು. ತಡವಾಗಿ ತಂದಿದ್ದೇವೆ, ಮನೆಯಲ್ಲಿ ಜಗಳವಿತ್ತು, ಆಸ್ಪತ್ರೆಯ ಮೇಲೆ ನಮ್ಮದೇನೂ ದೂರಿಲ್ಲ. ಗಾಳೆಮ್ಮ ಹೆಬ್ಬೆರಳು ಒತ್ತಿದರೆ ಹೆಣ ಕೊಡುತ್ತಾರೆ. ಒತ್ತದಿದ್ದರೆ, ಸೊಸೆಗೆ ಕಾಟ ಕೊಟ್ಟು ಸಾಯಿಸಿದಳೆಂದು ಅಂಜಿನಯ್ಯನಿಂದ ದೂರು ಬರೆಸಿಕೊಳ್ಳುತ್ತಾರೆ.

"ಸಾಹೇಬ್ರ, ನಾ ಸೂಜಿ ಅಂದಿದ್ದೆ" ಅಂದಳು ಗಾಳೆಮ್ಮ. ತುಟಿ ಒಡೆದಿತ್ತು.

"ಮಷಿನ್‌ಗೂ ನಿನಗೂ ಹೊಲದ ಜಗಳ ಐತೇನು?" ಇನ್ಸ್‌ಪೆಕ್ಟರು ನಕ್ಕ. "ಅದು ಯಾಕ ನಿನ್ನ ಮ್ಯಾಲೆ ಸುಳ್ಳು ಬರೀತದ?"

"ಹಂಗಾದ್ರ ನನ್ನ ದನಿ ಅದ್ರಾಗ ಇರಬೇಕಲ್ರಿ. ಕೇಳಸ್ರಿ."

ಮ್ಯಾನೇಜರು ತಲೆ ಅಲ್ಲಾಡಿಸಿದ. "ದನಿ ಉಳಿಯಂಗಿಲ್ಲಮ್ಮ. ಬರದದ್ದು ಉಳೀತದ."

ಬಾಗಿಲಲ್ಲಿ ಶಿಲ್ಪಶ್ರೀ ಬಂದು ನಿಂತಿದ್ದಳು. ಇನ್ಸ್‌ಪೆಕ್ಟರು ಕೇಳಿದ, "ನೀನು ಅಲ್ಲೇ ಇದ್ದಿ ಅಲ್ಲ? ಏನಂದಳು ಈಕಿ?"

ಶಿಲ್ಪಶ್ರೀ ಮ್ಯಾನೇಜರ ಮುಖ ನೋಡಿದಳು. ಆಮೇಲೆ ತನ್ನ ಚಪ್ಪಲಿ ನೋಡಿದಳು.

"ಗದ್ದಲ ಇತ್ತು ಸರ್. ಕೇಳಿಸಲಿಲ್ಲ."

"ಅನುಮಾನ ಇದ್ರ ಈಗ ನೋಡೋಣು ಬರ್ರಿ ಸರ್." ಮ್ಯಾನೇಜರು ಇನ್ನೊಂದು ಮೈಕು ತಂದು ಗಾಳೆಮ್ಮನ ಬಾಯಿಗೆ ಮುಟ್ಟುವಂತೆ ಹಿಡಿದ. ಪರದೆಯನ್ನು ಅಂಜಿನಯ್ಯನ ಕಡೆ ತಿರುಗಿಸಿದ. "ಹೇಳಮ್ಮ. ಸೂಜಿ ಅನ್ನು."

"ಸೂಜಿ" ಅಂದಳು ಗಾಳೆಮ್ಮ.

ಪರದೆಯ ಮೇಲೆ ಮೂಡಿತು: ಸೂಜಿ.

"ಇನ್ನೊಮ್ಮಿ."

"ಸೂಜಿ ಆಗಿ ಬರಂಗಿಲ್ಲ."

ಸೂಜಿ ಆಗಿ ಬರಂಗಿಲ್ಲ. ಒಂದಕ್ಷರ ತಪ್ಪಿರಲಿಲ್ಲ.

"ನೋಡಿದ್ರಾ?" ಮ್ಯಾನೇಜರು ಮೈಕು ಕೆಳಗಿಟ್ಟ. "ಸೂಜಿ ಅಂದ್ರ ಸೂಜಿ ಅಂತ ಬರೀತದ. ಸೊಸಿ ಅಂದ್ರ ಸೊಸಿ ಅಂತ ಬರೀತದ."

ಅಂಜಿನಯ್ಯ ಹಲ್ಲು ಕಡಿದ. ಇನ್ಸ್‌ಪೆಕ್ಟರು ಕಾಗದವನ್ನು ಮುಂದಕ್ಕೆ ತಳ್ಳಿದ.

ಗಾಳೆಮ್ಮ ಆ ಕಾಗದವನ್ನೇ ನೋಡಿದಳು. ನಾನೇ ತಪ್ಪು ಆಡಿದೆನಾ? ಗಾಬರಿಯಲ್ಲಿ ನಾಲಿಗೆ ತೊಡರಿ ಸೊಸಿ ಅಂದೆನಾ? ಆ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಹಿಡಿದುಕೊಂಡು ಬಂದು, ಬೇಕಾದ ಹೊತ್ತಿನಲ್ಲಿ ನಾನೇ ಕೆಡಿಸಿದೆನಾ? ನನ್ನ ನಾಲಿಗೆಯೇ ನನ್ನ ಗಂಗಿಯನ್ನು ಕೊಂದಿತಾ? ಬೀಗನ ಹೊಡೆತ ಅವಳಿಗೆ ನೋವಾಗಿರಲಿಲ್ಲ. ಇದು ಆಯಿತು. ಮ್ಯಾನೇಜರು ಅವಳ ಹೆಬ್ಬೆರಳು ಹಿಡಿದ. ಶಾಯಿಯ ಡಬ್ಬಿಗೆ ಅದ್ದಿದ. ಅವಳು ಕೊಟ್ಟಳು. ಬೆರಳು ತನ್ನದಲ್ಲವೆಂಬಂತೆ ಕೊಟ್ಟಳು.

ಬೆರಳು ಕಾಗದಕ್ಕೆ ಇಳಿಯುವಾಗ ಅವಳು ಆ ಮೈಕನ್ನು ನೋಡಿದಳು. ಮೇಜಿನ ಮೇಲೆ ಬಿದ್ದಿತ್ತು. ಈಗ ತಾನೇ ಅವಳ ತುಟಿಗೆ ತಾಗಿದ್ದ ಮೈಕು. ತುದಿಗೆ ಅವಳ ತುಟಿಯ ನೆತ್ತರು ಹತ್ತಿತ್ತು. ಮುಂಜಾನೆ ಮೈಕು ಹೀಗೆ ಬಾಯಿಯ ಹತ್ತಿರ ಇರಲಿಲ್ಲ. ಡಾಕ್ಟರ ಕೊರಳಲ್ಲಿತ್ತು. ಡಾಕ್ಟರು ಕೋಣೆಯ ಆ ತುದಿಯಲ್ಲಿದ್ದರು. ಅವಳು ಬಾಗಿಲಲ್ಲಿದ್ದಳು. ಕೆಸರೆಂದು ದೂರ ನಿಲ್ಲಿಸಿದ್ದರು.

ಬೆರಳನ್ನು ಕಿತ್ತುಕೊಂಡಳು. ಶಾಯಿ ಮ್ಯಾನೇಜರ ಬಿಳಿ ಅಂಗಿಗೆ ಮೆತ್ತಿತು.

"ಕೊಡಂಗಿಲ್ಲ."

"ಏನು?"

"ಬೆರಳು ಕೊಡಂಗಿಲ್ಲ. ಈಗ ಬಾಯಿಗೆ ತಂದು ಹಿಡಿದ್ರಿ. ಮುಂಜಾನಿ ಬಾಗಿಲ ಬಲ್ಲಿ ನಿಲ್ಲಿಸಿದ್ರಿ. ಮೈಲಿಗಿ ಮಾಡಿ ನಿಲ್ಲಿಸಿದ್ರಿ. ಅಲ್ಲಿ ನಿಂತು ಹೇಳ್ತೀನಿ. ಅಲ್ಲಿ ಬರೀಲಿ ನೋಡೋಣು ನಿಮ್ಮ ಮಷಿನ್ನು."

"ಹಂಗೆಲ್ಲ ಆಗಂಗಿಲ್ಲ. ಡಾಕ್ಟರು ಪೇಷಂಟ್ ನೋಡಾಕತ್ಯಾರ."

"ನನ್ನ ಗಂಗೀನೂ ಪೇಷಂಟೇ ಇದ್ದಳು."

ಅವಳು ಹೊರಟಳು. ಇನ್ಸ್‌ಪೆಕ್ಟರು "ಏಯ್" ಎಂದು ಕೂಗಿದ. ಅವಳು ತಿರುಗಲಿಲ್ಲ. ಅಂಜಿನಯ್ಯ ಒಂದು ಗಳಿಗೆ ನಿಂತ. ಅವನ ಕೈ ಇನ್ನೂ ಹೊಡೆಯಬೇಕೆನ್ನುತ್ತಿತ್ತು. ಆದರೆ ಕಾಲು ಬೀಗಿತಿಯ ಹಿಂದೆ ಹೋದವು.

ಡಾಕ್ಟರ ಕೋಣೆಯಲ್ಲಿ ಒಬ್ಬ ಮುದುಕ ಅಂಗಿ ಬಿಚ್ಚಿ ಕೂತಿದ್ದ. ಫ್ಯಾನು ಗರಗರ ತಿರುಗುತ್ತಿತ್ತು. ಹೊರಗೆ ಮಕ್ಕಳು ಅಳುತ್ತಿದ್ದವು. ಗಾಳೆಮ್ಮ ಬಾಗಿಲಲ್ಲಿ ನಿಂತಳು. ಬೆಳಗ್ಗೆ ನಿಂತಲ್ಲೇ ನಿಂತಳು.

"ನನ್ನ ಸೊಸಿಗೆ ಸೂಜಿ ಆಗಿ ಬರಂಗಿಲ್ರಿ" ಅಂದಳು.

ಡಾಕ್ಟರು ತಲೆ ಎತ್ತಿದರು. ಪರದೆಯ ಮೇಲೆ ಏನೂ ಮೂಡಲಿಲ್ಲ. ಖಾಲಿ. ಅವಳು ಮಾತೇ ಆಡಿಲ್ಲವೆಂಬಂತೆ ಖಾಲಿ.

"ಏಯ್, ಯಾರು ಬಿಟ್ಟಿದ್ದು ಇವಳನ್ನ?"

"ಸೂಜಿ ಆಗಿ ಬರಂಗಿಲ್ರಿ. ಸೂಜಿ ಮಾಡಿದ್ರ ಜೀವ ಹೋಕ್ಕತ್ರಿ."

ಈಗ ಅಕ್ಷರ ಓಡಿದವು. ಅಂಜಿನಯ್ಯ ಕೋಣೆಯೊಳಗೆ ನುಗ್ಗಿ, ಮುದುಕನ ಹೆಗಲ ಮೇಲಿಂದ ಬಗ್ಗಿ ಪರದೆಗೆ ಬೆರಳಿಟ್ಟ. ಎಲ್ಲರೂ ಕೇಳುವಂತೆ ಓದಿದ.

"ಸೊ-ಸೆ. ಸೊ-ಸೆ ಮಾ-ಡಿ-ದ್ರೆ ಜೀ-ವ..."

ಅವನ ದನಿ ನಿಂತಿತು. ತಿರುಗಿ ಗಾಳೆಮ್ಮನನ್ನು ನೋಡಿದ. ಅವಳ ಕೆನ್ನೆಯ ಮೇಲೆ ಅವನ ಐದೂ ಬೆರಳಿದ್ದವು. ಮುದುಕ ಒಮ್ಮೆ ಡಾಕ್ಟರ ಮುಖ, ಒಮ್ಮೆ ಪರದೆ ನೋಡುತ್ತ ಗಡಬಡಿಸಿ ಅಂಗಿ ಹಾಕಿಕೊಳ್ಳತೊಡಗಿದ.

ಡಾಕ್ಟರು ಎದ್ದರು. "ಇವರನ್ನ ಎಳೆದು ಹೊರಗೆ ಹಾಕಿ" ಎಂದು ಕೂಗಿದರು.

ಆ ಮಾತು ಮಾತ್ರ ಒಂದಕ್ಷರ ತಪ್ಪದೆ ಪರದೆಯ ಮೇಲೆ ಮೂಡಿತು.

ಕಾವಲುಗಾರರು ಎಳೆದರು. ಗಾಳೆಮ್ಮನ ಜುಟ್ಟು ಹಿಡಿದು ಎಳೆದರು. ಅಂಜಿನಯ್ಯ ಮೇಜನ್ನು ತಬ್ಬಿ ಹಿಡಿದ. ಲಾಠಿ ಬೀಸಿದ ಮೇಲೆ ಬಿಟ್ಟ. ಇಬ್ಬರನ್ನೂ ಠಾಣೆಗೆ ಒಯ್ದು ಅವನ ಮುಂದೆ ದೂರಿನ ಕಾಗದ ಇಟ್ಟರು. ಗಾಳೆಮ್ಮನ ಮೇಲಿನ ದೂರು.

"ಸಹಿ ಮಾಡು. ನಿನ್ನ ಬಿಡ್ತೀವಿ."

"ನನ್ನ ಬೀಗ್ತಿ ಮ್ಯಾಲೆ ನಾ ಯಾಕ ದೂರು ಕೊಡ್ಲಿ? ಡಾಕ್ಟರ ಮ್ಯಾಲೆ ಬರ್ಕೊಳ್ರಿ. ಹೇಳ್ತೀನಿ."

ಬರೆದುಕೊಳ್ಳಲಿಲ್ಲ. ಆಸ್ಪತ್ರೆಗೆ ನುಗ್ಗಿ ಡಾಕ್ಟರಿಗೆ ಬೆದರಿಕೆ ಹಾಕಿದರೆಂದು ಇಬ್ಬರ ಮೇಲೂ ಕೇಸು ಜಡಿದರು. ಲಾಕಪ್ಪಿನ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು. ಬಹಳ ಹೊತ್ತಾದ ಮೇಲೆ ಗೋಡೆಯಾಚೆಯಿಂದ ಅಂಜಿನಯ್ಯನ ದನಿ ಬಂತು.

"ಬೀಗ್ತಿ, ಭಾಳ ಹತ್ತಿತೇನು ಪೆಟ್ಟು?"

ಗಾಳೆಮ್ಮ ಗೋಡೆಯ ಕಡೆಗೆ ಸರಿದು ಕೂತಳು. ಆಗ ಗೋಡೆಯ ಆಚೆ ಗಂಡಸು ಅಳುವ ಸದ್ದು ಕೇಳಿಸಿತು.

ಜಾಮೀನಾಗಿ ಮೆಟ್ರಿಗೆ ಬಂದಾಗ ಗಂಗಾಳ ಮಣ್ಣು ಆಗಿಹೋಗಿತ್ತು. ಹಳ್ಳದ ದಂಡೆಯಲ್ಲಿ ಹಸಿ ಮಣ್ಣಿನ ಗುಡ್ಡೆ. ಪಕ್ಕದಲ್ಲಿ ಹುಲುಗೇಶ ಕೂತಿದ್ದ. ಅದಿರಿನ ಕೆಂಪು ಧೂಳು ಇನ್ನೂ ಅವನ ಕಿವಿಯಲ್ಲಿ, ಉಗುರಿನಲ್ಲಿ ಇತ್ತು.

"ಹೆಣ ಹೆಂಗ ಕೊಟ್ರಲೇ?"

"ಸಹಿ ಹಾಕಿಸ್ಕೊಂಡ್ರವ್ವ."

"ಏನ ಬರದಿತ್ತು?"

"ಓದಲಿಲ್ಲ. ನೀನೂ ಇಲ್ಲ, ಮಾವನೂ ಇಲ್ಲ. ಆಕಿ ಒಬ್ಬಾಕೇ ಅಲ್ಲಿ ತಣ್ಣಗ ಮಲಗಿದ್ಲು. ಕೊಡ್ರಿ, ಮನಿಗೆ ಒಯ್ತೀನಿ ಅಂದೆ."

ಗಾಳೆಮ್ಮ ಮಗನ ಪಕ್ಕ ಕೂತು ಮಣ್ಣಿನ ಮೇಲೆ ಕೈಯಿಟ್ಟಳು.

ಸಾವಿನ ಕಾಗದ ಬಂತು. ಗಾಯ ನಂಜಾಗಿ, ತಡವಾಗಿ ತಂದದ್ದರಿಂದ ಸಾವು ಎಂದಿತ್ತು. ಸೂಜಿಯ ಮಾತೇ ಇರಲಿಲ್ಲ. ಆದರೆ ಸೊಸೆಯ ಮಾತು ಊರಿಗೆಲ್ಲ ಹಬ್ಬಿತು. ಗೌಡರು ಕಟ್ಟೆಯ ಮೇಲೆ ಕೂತು, "ಸೊಸಿಗೆ ಕಾಟ ಕೊಟ್ಟು ಕೊಂದಾಕಿ ಅಂತ ಕಂಪ್ಯೂಟರ್‌ನಾಗ ಬರದೈತಂತ. ಅಂಥಾಕಿ ನಮ್ಮ ಗದ್ದಿಗೆ ಬ್ಯಾಡ" ಅಂದರು. ಅವರ ಮಗ ಪಕ್ಕದಲ್ಲೇ ಕೂತಿದ್ದ. ನಲ್ಲಿಯ ಹತ್ತಿರ ಹೆಂಗಸರು ಕೊಡ ಸರಿಸಿಕೊಂಡರು. ಕೂಸು ಎತ್ತಿಕೊಂಡವರು ದೂರ ಹೋದರು. ಗಾಳೆಮ್ಮ ಊರಿಗೆ ದೂರದವಳಾಗಿದ್ದಳು. ಈಗ ಕೇರಿಗೂ ದೂರದವಳಾದಳು.

ಅವಳು ಬಸ್ಸು ಹತ್ತಿ ಹೊಸಪೇಟೆಗೆ ಹೋದಳು.

ಆಸ್ಪತ್ರೆಯಲ್ಲಿ ಪರದೆಯನ್ನು ಬೇರೆಯವರಿಗೆ ಕಾಣದಂತೆ ತಿರುಗಿಸಿಟ್ಟಿದ್ದರು. ಡಾಕ್ಟರ ಕೋಣೆಯ ನೆಲದ ಮೇಲೆ ಹಳದಿ ಗೆರೆ ಎಳೆದಿದ್ದರು. ರೋಗಿಯ ಕಡೆಯವರು ಆ ಗೆರೆ ದಾಟುವಂತಿಲ್ಲ. ಒಳಗಿಂದ ಬಂದವರ ಬಾಯಲ್ಲಿ ಇದನ್ನು ಕೇಳಿ ಗಾಳೆಮ್ಮ ಗೇಟಿನ ಮುಂದೆ ನಿಂತಳು. ಒಳಗೆ ಹೋಗುವ ಒಬ್ಬೊಬ್ಬರಿಗೂ ಹೇಳಿದಳು. ಮುದುಕರಿಗೆ, ಬಸುರಿಯರಿಗೆ, ಕೂಸು ಹೊತ್ತವರಿಗೆ.

"ಯಪ್ಪಾ, ಯವ್ವಾ, ಬಾಗಿಲ ಬಲ್ಲಿ ನಿಂತು ಹೇಳಬ್ಯಾಡ್ರಿ. ಗೆರಿ ದಾಟ್ರಿ. ಮೇಜಿನ ಮಟ ಹೋಗ್ರಿ. ಏನು ಬರದೈತಿ ಅಂತ ಓದಿಸಿ ಕೇಳ್ರಿ. ನಾ ಸೂಜಿ ಅಂದಿದ್ದೆ. ಅದು ಸೊಸಿ ಅಂತ ಬರೀತು. ನನ್ನ ಸೊಸಿ ಸತ್ತಳು."

ಕೆಲವರು ಹುಚ್ಚಿ ಅಂದರು. ಕೆಲವರು ನಿಂತು ಕೇಳಿದರು. ಚೆನ್ನಬಸಮ್ಮ ಎಂಬ ಮುದುಕಿ ಒಳಗೆ ಹೋದವಳು ಗೆರೆ ದಾಟಿ ಮೇಜು ಹಿಡಿದು ನಿಂತುಬಿಟ್ಟಳಂತೆ, ಓದಿ ಹೇಳುವ ತನಕ ಕೈ ಬಿಡಲಿಲ್ಲವಂತೆ. ಆ ಮಧ್ಯಾಹ್ನ ಕಾವಲುಗಾರ ಬಂದು ಗಾಳೆಮ್ಮನ ರಟ್ಟೆ ಹಿಡಿದು ರಸ್ತೆಯ ಆಚೆ ತನಕ ಎಳೆದುಕೊಂಡು ಹೋಗಿ ಕೆಡವಿದ. ಮೊಣಕೈ ತರಚಿತು. ಅವಳು ಎದ್ದು ನೋಡಿದಾಗ ಗೇಟಿನ ಮುಂದೆ, ಅವಳು ನಿಂತ ಜಾಗದಲ್ಲಿ, ತಲೆಯ ಮೇಲೆ ತೌಡಿನ ಧೂಳಿದ್ದ ಒಬ್ಬ ಗಂಡಸು ನಿಂತಿದ್ದ.

"ಗೆರಿ ದಾಟ್ರಿ" ಎಂದು ಕೂಗುತ್ತಿದ್ದ ಅಂಜಿನಯ್ಯ. "ನನ್ನ ಬೀಗ್ತಿ ಸೂಜಿ ಅಂದಿದ್ಲು."

ಕಾವಲುಗಾರ ಅವನ ಕಡೆ ಓಡಿದ. ಗಾಳೆಮ್ಮ ರಸ್ತೆ ದಾಟಿ ಮತ್ತೆ ಬಂದಳು. ಒಬ್ಬರನ್ನು ಎಳೆದರೆ ಇನ್ನೊಬ್ಬರು ಬಂದು ನಿಲ್ಲುತ್ತಿದ್ದರು. ಕಾವಲುಗಾರ ಒಬ್ಬನೇ ಇದ್ದ.

ಮರುದಿನ ಆಸ್ಪತ್ರೆಯವರು ಗೇಟಿಗೆ ಇಬ್ಬರನ್ನು ಹಾಕಿದರು. ಆ ದಿನ ಬಸ್ಸಿನಿಂದ ಗಾಳೆಮ್ಮನ ಹಿಂದೆ ಹುಲುಗೇಶನೂ ಇಳಿದ.